ಟ್ರಂಪೆಟ್‌ನಲ್ಲಿ ಕಚ್ಚಿಕೊಂಡ ಮೌತ್‌ಪೀಸನ್ನು ಪೈಪಿಗೆ ಪೆಟ್ಟಾಗದಂತೆ ತೆಗೆಯುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ)

ನಮ್ಮ ಚಿಕ್ಕಪ್ಪನವರು ಮದುವೆ, ಜಾತ್ರೆಗಳಲ್ಲಿ ಬ್ಯಾಂಡ್ ಸೆಟ್‌ನವರೊಂದಿಗೆ ನುಡಿಸುತ್ತಿದ್ದ ಹಿತ್ತಾಳೆಯ ಟ್ರಂಪೆಟ್ ಹಲವು ಮಳೆಗಾಲಗಳನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲೇ ಕಳೆದಿದೆ. ಈಗ ಮಗಳು ಕಲಿಯಲು ಆಸೆಪಟ್ಟಿದ್ದಾಳೆಂದು ಹೊರತೆಗೆದು ನೋಡಿದರೆ ಮೌತ್‌ಪೀಸ್ ಪೈಪಿನೊಳಗೆ ಕಚ್ಚಿಕೊಂಡು ಕೂತಿದೆ. ಶ್ರುತಿ ಹೊಂದಿಸಲು ಒಳಹೊರಗೆ ಜಾರಿಸುವ U ಆಕಾರದ ದೊಡ್ಡ ಕೊಳವೆ, ಅಂದರೆ ಸ್ಲೈಡ್ ಕೂಡ ಅಲುಗಾಡುತ್ತಿಲ್ಲ. ಎರಡೂ ಕಡೆ ಕೂಡುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿದೆ. ಪಂಪ್‌ಸೆಟ್ ರಿಪೇರಿ ಮಾಡುವವರೊಬ್ಬರು ಪೈಪ್ ರೆಂಚ್ ಹಾಕಿ ತಿರುಗಿಸಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿದರೆ ಕಿಲುಬು ಬಿಟ್ಟು ತಾನಾಗಿಯೇ ಸಡಿಲವಾಗುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ಇವೆರಡರಲ್ಲಿ ಯಾವುದು ಸುರಕ್ಷಿತ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಶಿವಮೊಗ್ಗ)

ಎರಡನ್ನೂ ಮಾಡಬೇಡಿ, ಮುಖ್ಯವಾಗಿ ರೆಂಚ್ ಹತ್ತಿರಕ್ಕೂ ಬರಬಾರದು. ಮೌತ್‌ಪೀಸ್ ಕೂರುವ ತುಂಡನ್ನು ಒಳಪೈಪಿಗೆ ಬೆಸುಗೆ ಹಾಕಿ ಹಿಡಿಸಿರುತ್ತಾರೆ, ಆ ಪೈಪಿನ ಗೋಡೆಯ ದಪ್ಪವೋ ಅರ್ಧ ಮಿಲಿಮೀಟರಿನ ಆಸುಪಾಸು. ರೆಂಚಿನ ಹಿಡಿಯಷ್ಟು ಉದ್ದದ ಬಲ ಬಿದ್ದರೆ ಮೌತ್‌ಪೀಸ್ ಸಡಿಲವಾಗುವ ಮೊದಲೇ ಪೈಪು ಹುರಿಗೊಳ್ಳುತ್ತದೆ ಅಥವಾ ಬೆಸುಗೆ ಬಿಡುತ್ತದೆ. ಹುಣಸೆಹುಳಿ ಹೊರಗಿನ ಕಿಲುಬನ್ನು ತೆಗೆಯುವುದು ನಿಜ, ಆದರೆ ತೊಳೆಯಲಾಗದ ಸಂದಿಯೊಳಗೆ ನಿಂತ ಹುಳಿ ಹಿತ್ತಾಳೆಯನ್ನೇ ತಿನ್ನುತ್ತದೆ.

ಇಲ್ಲಿ ನಿಮಗೆ ಅನುಕೂಲವಾದ ಸಂಗತಿಯೊಂದಿದೆ. ಮೌತ್‌ಪೀಸಿನ ಬಾಲ ಸುಮಾರು 20 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಲೆಕ್ಕದಲ್ಲಿ ತುದಿಯ ಕಡೆಗೆ ಸಪೂರವಾಗುತ್ತಾ ಹೋಗುತ್ತದೆ. ಆದ್ದರಿಂದಲೇ ಅದು ಬೆಣೆಯಂತೆ ಬಿಗಿಯಾಗುತ್ತದೆ, ಆದ್ದರಿಂದಲೇ ಒಂದು ಕೂದಲೆಳೆಯಷ್ಟು ಹಿಂದೆ ಸರಿದರೂ ಪೂರ್ತಿ ಬಿಟ್ಟುಕೊಳ್ಳುತ್ತದೆ. ನಿಮಗೆ ಬೇಕಾದದ್ದು ಆ ಮೊದಲ ಅಲುಗಾಟ ಮಾತ್ರ; ಅದಕ್ಕೆ ತಾಳ್ಮೆ ಬೇಕು, ತೋಳ್ಬಲವಲ್ಲ.

ಟ್ರಂಪೆಟ್ಟನ್ನು ಮೌತ್‌ಪೀಸ್ ಮೇಲಾಗುವಂತೆ ನಿಲ್ಲಿಸಿ, ಕೂಡುವ ಗೆರೆಯ ಸುತ್ತ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಹನಿ ಹನಿಯಾಗಿ ಬಿಡಿ. ಹಾರ್ಡ್‌ವೇರ್ ಅಂಗಡಿಯ ಡಬ್ಲ್ಯೂಡಿ-40 ಸಾಕು. ರಾತ್ರಿಯಿಡೀ ಹಾಗೇ ಇರಲಿ, ಮರುದಿನ ಮತ್ತೆ ಹಾಕಿ. ಬಳಿಕ ಮೌತ್‌ಪೀಸಿನ ಬಟ್ಟಲಿನಲ್ಲಿ ಐಸ್ ಚೂರುಗಳನ್ನಿಟ್ಟು, ಹೊರಗಿನ ತುಂಡಿಗೆ ಕೈ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ. ಎರಡರ ನಡುವೆ 40 ಡಿಗ್ರಿ ವ್ಯತ್ಯಾಸ ಬಂದರೂ 10 ಮಿ.ಮೀ. ಅಗಲದ ಹಿತ್ತಾಳೆಯಲ್ಲಿ ಸಿಗುವ ಸಡಿಲ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆಯೇ, ಆದರೂ ಕಿಲುಬಿನ ಹಿಡಿತ ಬಿಡಲು ಎಷ್ಟೋ ಸಲ ಅಷ್ಟು ಸಾಕಾಗುತ್ತದೆ. ಆಗ ಒಂದು ಬದಿಗೆ ಮರದ ತುಂಡನ್ನು ಆನಿಸಿ, ಎದುರು ಬದಿಗೆ ಚಿಕ್ಕ ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತಾ ಸುತ್ತಿ ಬನ್ನಿ. ನಂತರ ಬರಿಗೈಯಲ್ಲಿ ನೇರಕ್ಕೆ ಎಳೆಯಿರಿ.

ಉತ್ತರ 2 (ಭದ್ರಾವತಿ)

ಮೇಲಿನವರು ಹೇಳಿದ್ದು ಸರಿಯಾಗಿದೆ. ಅದರಿಂದಲೂ ಬಾರದಿದ್ದರೆ ಇದಕ್ಕೆಂದೇ ಇರುವ ಪುಲ್ಲರ್ ಬಳಸಬೇಕು. ಅದರ ಒಂದು ಪಟ್ಟಿ ಪೈಪಿನ ಅಂಚಿಗೆ ಆನಿಕೊಳ್ಳುತ್ತದೆ, ಇನ್ನೊಂದು ಮೌತ್‌ಪೀಸನ್ನು ಬಟ್ಟಲಿನ ಕೆಳಗೆ ಹಿಡಿಯುತ್ತದೆ. ನಡುವಿನ ಸ್ಕ್ರೂಗಳನ್ನು ತಿರುಗಿಸಿದಂತೆ ಎರಡೂ ಪಟ್ಟಿಗಳು ದೂರ ಸರಿಯುತ್ತವೆ. ಎಡಬಲದ ಸ್ಕ್ರೂಗಳನ್ನು ಕಾಲು ಸುತ್ತಿನಷ್ಟೇ ಸರದಿಯಲ್ಲಿ ಬಿಗಿಮಾಡಿದರೆ ಎಳೆತ ಪೈಪಿನ ನೇರದಲ್ಲೇ ಉಳಿಯುತ್ತದೆ, ತಿರುಚುವ ಪ್ರಶ್ನೆಯೇ ಬರುವುದಿಲ್ಲ. ವಾದ್ಯ ರಿಪೇರಿಯವರಲ್ಲಿ ಇದು ಸಿಗುತ್ತದೆ. ಇಲ್ಲವಾದರೆ ನಮ್ಮೂರಿನ ಅಥವಾ ಶಿವಮೊಗ್ಗದ ಒಳ್ಳೆಯ ಲೇತ್ ಅಂಗಡಿಯವರಿಗೆ ಅಳತೆ ಕೊಟ್ಟರೆ ಮಾಡಿಕೊಡುವುದು ಕಷ್ಟವಲ್ಲ. ಪಟ್ಟಿಗಳ ಒಳಬದಿಗೆ ಚರ್ಮ ಅಂಟಿಸಲು ಹೇಳಿ.

ಸ್ಲೈಡಿನ ಸ್ವಭಾವ ಬೇರೆ. ಅದರ ಕೊಳವೆಗಳು ಸಪೂರವಾಗುತ್ತಾ ಹೋಗುವುದಿಲ್ಲವಾದ್ದರಿಂದ ಸ್ವಲ್ಪ ಸರಿದ ಮಾತ್ರಕ್ಕೆ ಬಿಡುವುದಿಲ್ಲ, ಕೊನೆಯವರೆಗೂ ಹಿಡಿದುಕೊಂಡೇ ಬರುತ್ತದೆ. ಎಣ್ಣೆ ಹಾಕುವುದು, ಬಿಸಿಮಾಡಿ ತಣಿಯಲು ಬಿಡುವುದು, ಮತ್ತೆ ಎಣ್ಣೆ, ಹೀಗೆ ಕೆಲವು ದಿನ ನಡೆಯಲಿ. ಅನಂತರ ಬಾಗಿದ ತುದಿಯೊಳಗೆ ಗಟ್ಟಿ ಹತ್ತಿಬಟ್ಟೆ ತೂರಿಸಿ, ಎರಡೂ ಕಾಲುಗಳು ಸಮನಾಗಿ ಹೊರಬರುವಂತೆ ನೇರಕ್ಕೆ ಜಗ್ಗಬೇಕು. ಒಂದು ಕಾಲು ಮಾತ್ರ ಸರಿಯುತ್ತಿದೆ ಎಂದು ಕಂಡ ಕೂಡಲೇ ನಿಲ್ಲಿಸಿ, ಏಕೆಂದರೆ ಅಲ್ಲಿಂದ ಮುಂದೆ ಬಾಗುವುದೇ ಹೊರತು ಬರುವುದಿಲ್ಲ. ವಾಲ್ವ್‌ಗಳ ಚಿಕ್ಕ ಸ್ಲೈಡ್‌ಗಳನ್ನು ತೆಗೆಯುವಾಗ ಆಯಾ ವಾಲ್ವನ್ನು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಒಳಗಿನ ಗಾಳಿ ಹಿಂದಕ್ಕೆ ಸೆಳೆಯುತ್ತದೆ.

ಗ್ಯಾಸ್ ಬೆಂಕಿಯನ್ನು ಅನುಭವಿಗಳ ಕೈಗೇ ಬಿಡಿ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೇ ಕರಗತೊಡಗುತ್ತದೆ, ಜೊತೆಗೆ ಸಂದಿಯಲ್ಲಿರುವ ಎಣ್ಣೆಗೆ ಬೆಂಕಿ ಹತ್ತುವ ಅಪಾಯವೂ ಇದೆ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ರೆಂಚ್ ಬೇಡವೆಂದು ಹೇಳಿಬಿಟ್ಟೆ, ಎಣ್ಣೆ ಹಾಕಲು ಆರಂಭಿಸಿದ್ದೇನೆ. ಬಿಡಿಸಿದ ನಂತರ ಮತ್ತೆ ಕಚ್ಚದಂತೆ ಕೊಬ್ಬರಿ ಎಣ್ಣೆ ಸವರಿಡಬಹುದೇ?

ಉತ್ತರ 1 (ಶಿವಮೊಗ್ಗ)

ಕೊಬ್ಬರಿ ಎಣ್ಣೆ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಮಲೆನಾಡಿನ ಚಳಿಗಾಲದ ಬೆಳಗುಗಳಲ್ಲಿ ಸ್ಲೈಡ್ ಮತ್ತೆ ನಿಂತುಬಿಡುತ್ತದೆ. ಮೊದಲು ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಎಣ್ಣೆಯನ್ನೆಲ್ಲ ತೊಳೆದು ಒಣಗಿಸಿ, ಸ್ಲೈಡ್‌ಗಳಿಗೆ ಸ್ಲೈಡ್ ಗ್ರೀಸನ್ನೋ ವ್ಯಾಸಲೀನನ್ನೋ ತೆಳ್ಳಗೆ ಸವರಿ. ವಾಲ್ವ್‌ಗಳಿಗೆ ಮಾತ್ರ ವಾಲ್ವ್ ಎಣ್ಣೆಯೇ ಆಗಬೇಕು. ಮೌತ್‌ಪೀಸಿಗೆ ಏನನ್ನೂ ಹಚ್ಚಬೇಡಿ. ಅದನ್ನು ಅಂಗೈಯಿಂದ ಗುದ್ದಿ ಕೂರಿಸದೆ ಸ್ವಲ್ಪವೇ ತಿರುವಿ ಇಡಲು, ನುಡಿಸಿದ ಮೇಲೆ ಪ್ರತಿಸಲವೂ ತೆಗೆದು ಒರೆಸಿ ಪೆಟ್ಟಿಗೆಯಲ್ಲಿ ಬೇರೆಯಾಗಿಯೇ ಇಡಲು ಮಗಳಿಗೆ ಮೊದಲ ದಿನವೇ ಹೇಳಿಕೊಡಿ.