ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮುನ್ನ ವಾಡಾ ಪರೀಕ್ಷೆ: ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಕುಮಟಾದ ತಾಯಿ: ಡಾಕ್ಟರೇ, ನನ್ನ ಮಗನಿಗೆ 24 ವರ್ಷ, ಎಡಚ. ಶಸ್ತ್ರಚಿಕಿತ್ಸೆಗೆ ಮೊದಲು ಮಾತು, ನೆನಪು ಮೆದುಳಿನ ಯಾವ ಬದಿಯಲ್ಲಿವೆ ಎಂದು ತಿಳಿಯಲು ಒಂದೇ ಬದಿಗೆ ಅರಿವಳಿಕೆ ಕೊಟ್ಟು ವಾಡಾ ಪರೀಕ್ಷೆ ಮಾಡಬೇಕೆಂದು ಬೆಂಗಳೂರಿನಲ್ಲಿ ಹೇಳಿದ್ದಾರೆ. ಅವನು ಮೂರ್ಛೆರೋಗಕ್ಕೆ ಟೋಪಿರಾಮೇಟ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಮಾತು ನಿಂತೇ ಹೋದರೆ ಏನು ಗತಿ?

ವೈದ್ಯರು: ಅಮ್ಮಾ, ಮಾತು ನಿಲ್ಲುವುದು ಕೆಲವೇ ನಿಮಿಷ, ಅದೂ ಮಾತಿನ ಹಿಡಿತವಿರುವ ಭಾಗ ಮಲಗಿದಾಗ ಮಾತ್ರ. ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯನ್ನು ಕತ್ತಿನ ಅಪಧಮನಿಯವರೆಗೆ ಸಾಗಿಸಿ, ಮೊದಲು ಬಣ್ಣದ ದ್ರವ ಬಿಟ್ಟು ರಕ್ತದ ಹರಿವನ್ನು ನೋಡಿಕೊಂಡು, ಬಳಿಕ ಅಮೋಬಾರ್ಬಿಟಾಲ್ ಎಂಬ ಅರಿವಳಿಕೆ ಅಥವಾ ಅದರ ಬದಲಿ ಔಷಧವನ್ನು ಕೊಡುತ್ತಾರೆ. ಎದುರು ಬದಿಯ ಕೈ ಸೋತೊಡನೆ ಚಿತ್ರಗಳನ್ನು ತೋರಿಸಿ ಹೆಸರು ಕೇಳುತ್ತಾರೆ. ಅಮಲು ಇಳಿದ ಮೇಲೆ ಅವು ನೆನಪಿವೆಯೇ ಎಂದು ವಿಚಾರಿಸುತ್ತಾರೆ. ಅಪಾಯವೇ ಇಲ್ಲವೆಂದು ಹೇಳಲಾರೆ. ಪಾರ್ಶ್ವವಾಯು, ರಕ್ತನಾಳದ ಒಳಪದರ ಸೀಳುವುದು, ತೊಡೆಸಂದಿನಲ್ಲಿ ರಕ್ತಸ್ರಾವ, ಬಣ್ಣದ ದ್ರವಕ್ಕೆ ಅಲರ್ಜಿ, ಇವು ವಿರಳವಾದರೂ ಉಂಟು. ಬಲಗೈಯವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಮಾತು ಎಡಮೆದುಳಿನಲ್ಲಿದ್ದರೆ, ಎಡಚರಲ್ಲಿ ಹಾಗಿರುವವರು ಸುಮಾರು 70. ಆದ್ದರಿಂದ ನಿಮ್ಮ ಮಗನ ವಿಷಯದಲ್ಲಿ ಊಹೆಯನ್ನು ನಂಬಿ ಕತ್ತರಿ ಹಿಡಿಯುವಂತಿಲ್ಲ. ನನ್ನನ್ನು ಕಾಡುತ್ತಿರುವುದು ಆ ಟೋಪಿರಾಮೇಟ್. ಅದನ್ನು ಸೇವಿಸುವವರಲ್ಲಿ ಅಮೋಬಾರ್ಬಿಟಾಲ್‌ನ ಅಮಲು ಬೇಗನೆ ಇಳಿದು ಪರೀಕ್ಷೆ ಅರ್ಧಕ್ಕೇ ಕೆಡಬಹುದು. ವಾರಗಳ ಮೊದಲೇ ಅದನ್ನು ಇಳಿಸಬೇಕೇ ಎಂಬುದನ್ನು ಅಲ್ಲಿನ ತಂಡವೇ ನಿರ್ಧರಿಸಬೇಕು, ನೀವಾಗಿ ನಿಲ್ಲಿಸಬೇಡಿ.

ಕಾರವಾರದ ಸದಸ್ಯ: ಸೂಜಿಯನ್ನು ಮೆದುಳಿಗೇ ಚುಚ್ಚುತ್ತಾರೆಯೇ?

ವೈದ್ಯರು: ಇಲ್ಲ. ಮೇಲೆ ಬರೆದಿದ್ದೇನೆ.

ಶಿರಸಿಯ ಸದಸ್ಯ: ಒಂದೆಲಗದ ರಸವನ್ನು 48 ದಿನ ಕುಡಿದು ಮಾತ್ರೆ ಬಿಟ್ಟರೆ ಶಸ್ತ್ರಚಿಕಿತ್ಸೆಯೇ ಬೇಡವೆಂಬ ಸಂದೇಶ ನನಗೆ ಬಂದಿದೆ. ಎಲ್ಲರ ಉಪಯೋಗಕ್ಕೆ ಹಾಕಿದ್ದೇನೆ.

ವೈದ್ಯರು: ದಯವಿಟ್ಟು ಅಳಿಸಿ. ಒಂದೆಲಗದ ತಂಬುಳಿಯನ್ನು ನಾನೂ ಉಣ್ಣುತ್ತೇನೆ. ಆದರೆ ಮಾತ್ರೆಯನ್ನು ಥಟ್ಟನೆ ಬಿಟ್ಟವರಿಗೆ ಸೆಳೆತ ನಿಲ್ಲದೆ ಪ್ರಾಣವೇ ಹೋಗಬಹುದು.

ಅಂಕೋಲಾದ ಸದಸ್ಯ: ಈಗ ಮೆದುಳಿನ ಕೆಲಸವನ್ನು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಇರುವಾಗ 1949ರ ಪರೀಕ್ಷೆ ಏಕೆ? ಬಿಲ್ಲು ಬೆಳೆಸಲು ಇರಬೇಕು.

ಶಿರಸಿಯ ಸದಸ್ಯ: ಅದನ್ನೇ ನಾನೂ ಹೇಳುತ್ತಿರುವುದು.

ಅಂಕೋಲಾದ ಸದಸ್ಯ: ನೀವು ಹೇಳಿದ್ದು ಸೊಪ್ಪಿನ ವಿಷಯ, ಮಾರಾಯರೇ. ನನ್ನ ಮಾತಿಗೆ ಅದನ್ನು ಗಂಟು ಹಾಕಬೇಡಿ.

ಶಿರಸಿಯ ಸದಸ್ಯ: ನಮ್ಮ ಅಜ್ಜನ ಕಾಲದ ಮದ್ದನ್ನು ಸೊಪ್ಪು ಎಂದು ಹೀಯಾಳಿಸುವ ಅಗತ್ಯವಿರಲಿಲ್ಲ.

ಹೊನ್ನಾವರದ ಸದಸ್ಯೆ: ಪರೀಕ್ಷೆಯ ರಾತ್ರಿ ಆಸ್ಪತ್ರೆಯಲ್ಲೇ ಉಳಿಯಬೇಕೇ?

ವೈದ್ಯರು: ಅಂಕೋಲಾದವರೇ, ಅನೇಕ ಕಡೆ ಎಫ್‌ಎಂಆರ್‌ಐಯೇ ಸಾಕಾಗುತ್ತದೆ. ಅದು ಮಾತನಾಡುವಾಗ ದುಡಿಯುವ ಜಾಗವನ್ನು ತೋರಿಸುತ್ತದೆ. ಒಂದು ಭಾಗ ಇಲ್ಲದಿದ್ದರೆ ಇನ್ನೊಂದು ನೆನಪನ್ನು ನಿಭಾಯಿಸೀತೇ ಎಂಬುದನ್ನು ತೋರಿಸುವುದಿಲ್ಲ. ರೋಗಿಯ ಕಡತ ನೋಡದೆ ಬಿಲ್ಲಿನ ಮಾತು ಆಡಬೇಡಿ.

ಭಟ್ಕಳದ ಸದಸ್ಯ: ಮೆದುಳಿಗೆ ಸೂಜಿ ಎಂದರೆ ನೋವಾಗುವುದಿಲ್ಲವೇ?

ವೈದ್ಯರು: ಮೂರನೆಯ ಸಲ ಬರೆಯಲಾರೆ.

ಕುಮಟಾದ ತಾಯಿ: ಟೋಪಿರಾಮೇಟ್ ಬಗ್ಗೆ ಬೆಂಗಳೂರಿನ ಚೀಟಿಯಲ್ಲಿ ಏನೂ ಬರೆದಿಲ್ಲ, ಡಾಕ್ಟರೇ.

ವೈದ್ಯರು: ನಾಳೆ ಬೆಳಿಗ್ಗೆಯೇ ಫೋನ್ ಮಾಡಿ ಕೇಳಿ, ಅಮ್ಮಾ. ಅಲ್ಲಿಯವರೆಗೆ ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು.