ಶಾಕುಹಾಚಿಗಾಗಿ ಬಿದಿರು ಕಡಿಯಲು ಜಪಾನಿಗೆ ಹೋಗುವ ಬಗ್ಗೆ ಸಲಹೆ ಬೇಕು

ಪ್ರಶ್ನೆ

ನಮಸ್ಕಾರ. ಕೊಳಲು ತಯಾರಿಸುವ ನನಗೆ ತುದಿಯಿಂದ ಊದುವ ಜಪಾನಿನ ಬಿದಿರು ಕೊಳಲಾದ ಶಾಕುಹಾಚಿಯನ್ನೂ ಮಾಡಬೇಕೆಂಬ ಆಸೆಯಿದೆ. ಅದಕ್ಕೆ ಬೇಕಾದ ಮಡಾಕೆ ಬಿದಿರನ್ನು ಅಲ್ಲಿಗೇ ಹೋಗಿ, ನಾನೇ ಆರಿಸಿ, ಬೇರಿನ ಸಮೇತ ತರಬೇಕೆಂದಿದ್ದೇನೆ. ರಜೆ ಸಿಗುವುದು ಮೇ ತಿಂಗಳಲ್ಲಿ. ಆ ಕಾಲ ಸೂಕ್ತವೇ? ಕಡಿದ ಬಿದಿರನ್ನು ಹಾಗೆಯೇ ವಿಮಾನದಲ್ಲಿ ತರಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಮೇ ತಿಂಗಳು ಖಂಡಿತ ಬೇಡ ಸರ್. ಅದು ಮಡಾಕೆಯ ಕಳಲೆ ಏಳುವ ಕಾಲ. ಅಲ್ಲಿನ ಕುಶಲಕರ್ಮಿಗಳು ಬಿದಿರು ಕಡಿಯುವುದು ಚಳಿಗಾಲದಲ್ಲಿ. ಆಗ ಗಳದಲ್ಲಿ ನೀರಿನಂಶ ಕಡಿಮೆಯಿರುವುದರಿಂದ ಒಣಗುವಾಗ ಸೀಳುವ ಭಯವೂ ಹುಳು ಹಿಡಿಯುವ ಭಯವೂ ಕಡಿಮೆ.

ಆರಿಸುವ ಬಗೆಯೂ ನಮ್ಮದಕ್ಕಿಂತ ಬೇರೆ. ಕೊಳಲಿಗೆ ನಾವು ತೆಳುವಾದ, ಗೆಣ್ಣುಗಳ ನಡುವೆ ಉದ್ದ ಅಂತರವಿರುವ ಬಿದಿರನ್ನು ಹುಡುಕುತ್ತೇವೆ. ಶಾಕುಹಾಚಿಗೆ ಬೇಕಾದದ್ದು ದಪ್ಪ ಗೋಡೆಯ ಬುಡದ ಭಾಗ: ಸುಮಾರು 54.5 ಸೆಂಟಿಮೀಟರ್ ಉದ್ದದ ಸಾಮಾನ್ಯ ವಾದ್ಯದಲ್ಲಿ ಏಳು ಗೆಣ್ಣುಗಳು ಬರುವುದು ವಾಡಿಕೆ, ಮುಂದೆ ನಾಲ್ಕು ಮತ್ತು ಹಿಂದೆ ಒಂದು ರಂಧ್ರ ಅವುಗಳ ನಡುವೆ ಹೊಂದಿಕೊಳ್ಳಬೇಕು. ಹೀಗಾಗಿ ದೊಡ್ಡ ತೋಪಿನಲ್ಲಿಯೂ ಒಪ್ಪುವಂತಹ ಗಳಗಳು ಕೆಲವೇ ಸಿಗುತ್ತವೆ. ಗೆಣ್ಣಿನ ಕೆಳಗೆ ಬಿಳಿ ಪುಡಿ ದಟ್ಟವಾಗಿದ್ದರೆ ಅದು ಎಳೆಯದು, ಬಿಟ್ಟುಬಿಡಿ. ಮೂರು ವರ್ಷ ದಾಟಿದ್ದನ್ನೇ ನೋಡಿ.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರಿಕೆ. ನಮ್ಮ ಹೆಬ್ಬಿದಿರಿನಂತೆ ಮಡಾಕೆ ಮೆಳೆಗಟ್ಟುವುದಿಲ್ಲ. ನೆಲದೊಳಗೆ ಹರಿಯುವ ಬೇರುಕಾಂಡದಿಂದ ಒಂದೊಂದೇ ಗಳ ದೂರ ದೂರ ಏಳುತ್ತದೆ. ಆದ್ದರಿಂದ ಪಕ್ಕದ ಗಳಕ್ಕೆ ಪೆಟ್ಟಾಗದಂತೆ ಸುತ್ತ ಅಗೆದು, ಬೇರುಕಾಂಡವನ್ನು ಗರಗಸದಿಂದ ಕೊಯ್ದು ಬುಡವನ್ನು ಎತ್ತಲು ಸಾಧ್ಯ. ಆದರೆ ಆ ತೋಪುಗಳಲ್ಲಿ ಬಹುಪಾಲಿಗೆ ಒಡೆಯರಿದ್ದಾರೆ, ಹಲವರು ಕಳಲೆಗಾಗಿಯೇ ಅವನ್ನು ಉಳಿಸಿಕೊಂಡಿದ್ದಾರೆ. ಅನುಮತಿಯಿಲ್ಲದೆ ಗುದ್ದಲಿ ಹಾಕುವುದು ಕಳ್ಳತನ. ಸ್ಥಳೀಯ ತಯಾರಕರೊಬ್ಬರ ಜೊತೆ ಹೋಗುವುದೇ ಸರಿಯಾದ ದಾರಿ. ಪಾಳುಬಿದ್ದ ತೋಪುಗಳೂ ಬಹಳವಿರುವುದರಿಂದ, ಕೇಳಿದರೆ ಸಂತೋಷದಿಂದ ಕೊಡುವವರು ಸಿಗುತ್ತಾರೆ.

ಉತ್ತರ 3

ಹಸಿ ಬಿದಿರನ್ನು ಮಣ್ಣು ಮೆತ್ತಿದ ಬೇರಿನೊಂದಿಗೆ ತರುವ ಯೋಚನೆಯನ್ನು ಕೈಬಿಡಿ. ಭಾರತಕ್ಕೆ ಬರುವ ಸಸ್ಯವಸ್ತುಗಳಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಆಮದು ಪರವಾನಗಿ, ಜಪಾನಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಇವುಗಳ ಬಗ್ಗೆ ಟಿಕೆಟ್ ತೆಗೆಯುವ ಮೊದಲೇ ಕ್ವಾರಂಟೈನ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

ಬೇರುಗಳನ್ನು ಸವರಿ ತೊಳೆಯುವುದು, ಇದ್ದಿಲ ಬೆಂಕಿಗೆ ಹಿಡಿದು ಉಕ್ಕಿ ಬರುವ ಎಣ್ಣೆಯನ್ನು ಬಟ್ಟೆಯಿಂದ ಒರೆಸುವುದು, ಆಮೇಲೆ ಹಸಿರು ಹೋಗಿ ಹೊಂಬಣ್ಣ ಬರುವವರೆಗೆ ಬಿಸಿಲಿಗಿಡುವುದು, ಇಷ್ಟೂ ಅಲ್ಲಿಯೇ ಮುಗಿಯಲಿ. ಬಿಸಿಲಿನ ಹಂತಕ್ಕೇ ವಾರಗಟ್ಟಲೆ ಬೇಕು, ನಿಮ್ಮ ರಜೆ ಸಾಲದು. ಡಿಸೆಂಬರಿನಲ್ಲಿ ಕಡಿದು ತಯಾರಕರ ಬಳಿ ಬಿಟ್ಟುಬಂದು, ಒಣಗಿದ ಮೇಲೆ ತರಿಸಿಕೊಳ್ಳುವ ಏರ್ಪಾಡು ಮಾಡಿಕೊಳ್ಳಿ. ತಂದ ಮೇಲೂ ನೆರಳಿನಲ್ಲಿ ಕೆಲವು ವರ್ಷ ಮಾಗಿದ ನಂತರವೇ ಕೊರೆಯಲು ತೊಡಗಿ.