ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಪುಟ, ಎರಡನೇ ಮಾನಿಟರ್‌ನಲ್ಲಿ ಮೌಸ್ ಇರುವ ಜಾಗ ಮಾತ್ರ ದೊಡ್ಡದಾಗಿ: ಲಿನಕ್ಸ್‌ನಲ್ಲಿ ಆಗುತ್ತಾ?

ದಪ್ಪಗಾಜು:

ನನಗೆ ದೃಷ್ಟಿ ಕಮ್ಮಿ. ಎಡಗಣ್ಣು ಹೆಸರಿಗಷ್ಟೇ ಇದೆ, ಎಲ್ಲ ಕೆಲಸ ಬಲಗಣ್ಣಿನದ್ದೇ. ದಿನವಿಡೀ ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಇಂಗ್ಲಿಷ್ ಆದರೆ ಪದದ ಆಕಾರ ನೋಡಿ ಹೇಗೋ ಊಹಿಸಬಹುದು. ಕನ್ನಡದಲ್ಲಿ ಆ ಆಟ ನಡೆಯುವುದಿಲ್ಲ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಗೀಟು. ಪ, ಷ, ಫ ಮಸುಕಾದರೆ ಮೂರೂ ಒಂದೇ. ಒತ್ತಕ್ಷರವಂತೂ ಸಾಲಿನ ಕೆಳಗೆ ಇರುವೆ ಹಾಗೆ ಅಂಟಿಕೊಂಡಿರುತ್ತದೆ. ಎರಡೂವರೆ ಪಟ್ಟು ದೊಡ್ಡದು ಮಾಡದೆ ಯಾವ ಒತ್ತನ್ನೂ ನಾನು ನಂಬುವುದಿಲ್ಲ.

ನನ್ನ ಹತ್ತಿರ ಇರುವುದು 15.6 ಇಂಚಿನ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಈಗ 27 ಇಂಚಿನ ಮಾನಿಟರ್ ಸೇರಿಸಿದ್ದೇನೆ. ಎರಡೂ 1920×1080. ಆಲ್ಟ್ ಒತ್ತಿ ಮೌಸ್ ಚಕ್ರ ತಿರುಗಿಸಿದರೆ ಝೂಮ್ ಆಗುತ್ತದೆ, ಆದರೆ ಎರಡೂ ಪರದೆ ಒಟ್ಟಿಗೇ. ಆಗ ಪುಟದಲ್ಲಿ ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗುತ್ತದೆ. ಪಕ್ಕದಲ್ಲಿ ಕೂತು ಜೊತೆಗೆ ನೋಡುವವರಿಗೂ ತಲೆ ತಿರುಗುತ್ತದೆ.

ನನಗೆ ಬೇಕಾದ್ದು ಇಷ್ಟೇ. ಲ್ಯಾಪ್‌ಟಾಪ್ ಪರದೆ ಇದ್ದ ಹಾಗೇ ಇರಬೇಕು. ದೊಡ್ಡ ಮಾನಿಟರ್‌ನಲ್ಲಿ ಮೌಸ್ ಸುತ್ತಲಿನ ಭಾಗ ಮಾತ್ರ, ಮೌಸ್ ಜೊತೆಗೇ ಸರಿಯುತ್ತಾ ಕಾಣಬೇಕು.

ಪುಟ್ಟಪೆಂಗ್ವಿನ್:

ಸುಮ್ನೆ ಅಕ್ಷರವನ್ನೇ ದೊಡ್ಡದು ಮಾಡಿಕೊಳ್ಳಿ. ಅಪಿಯರೆನ್ಸ್ ಸೆಟ್ಟಿಂಗ್‌ನಲ್ಲಿ ಫಾಂಟ್ ಡಿಪಿಐ (ಅಕ್ಷರದ ಗಾತ್ರ ನಿರ್ಧರಿಸುವ ಸಂಖ್ಯೆ) ಮಾಮೂಲಿಗೆ 96 ಇರುತ್ತದೆ. 144 ಕೊಡಿ, ಒಂದೂವರೆ ಪಟ್ಟು ಆಯ್ತು. ಝೂಮ್ ಮಾಡಿದರೆ ಅಂಚು ಮಸುಕಾಗುತ್ತದೆ, ಇದರಲ್ಲಿ ಆ ಕಾಟ ಇಲ್ಲ.

ದಪ್ಪಗಾಜು:

ಮೆನುಗಳಿಗೆ ಅದು ಸರಿ, ಈಗಾಗಲೇ 120 ಇಟ್ಟಿದ್ದೇನೆ. ಆದರೆ ಕರಡು ಬರುವುದು ಪಿಡಿಎಫ್‌ನಲ್ಲಿ. ಅದಕ್ಕೆ ಡಿಪಿಐ ಲೆಕ್ಕವೇ ಇಲ್ಲ. ಪುಟವನ್ನೇ ಹಿಗ್ಗಿಸಿದರೆ ಪ್ರತಿ ಸಾಲಿಗೂ ಅಡ್ಡಕ್ಕೆ ಎಳೆಯಬೇಕು. ಸಾಲಿನ ಕೊನೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಮುಂದಿನ ಸಾಲು ಯಾವುದು ಅಂತ ಮರೆತಿರುತ್ತೇನೆ. ಪುಟದ ವಿನ್ಯಾಸವೂ ನೋಡಬೇಕಲ್ವಾ? ಅದಕ್ಕೇ ಪೂರ್ತಿ ಪುಟ ಒಂದು ಕಡೆ ಕಣ್ಣೆದುರು ಇರಲಿ ಅನ್ನುವುದು.

ಹಳೇಎಕ್ಸ್:

ಆಗುತ್ತದೆ. ಬೇರೆ ಯಾವ ಸಾಫ್ಟ್‌ವೇರೂ ಬೇಡ, ಪರದೆಗಳ ಅಳತೆ, ಜಾಗ ಹೊಂದಿಸುವ ಎಕ್ಸ್‌ರ್ಯಾಂಡರ್ (xrandr) ಕಮಾಂಡ್ ಸಾಕು.

ಮೊದಲು ಒಂದು ಲೆಕ್ಕ. ಎರಡೂ ಪರದೆಯಲ್ಲಿ ಪಿಕ್ಸೆಲ್ ಸಂಖ್ಯೆ ಒಂದೇ, ಅಳತೆ ಮಾತ್ರ ಬೇರೆ. 27 ಅನ್ನು 15.6ರಿಂದ ಭಾಗಿಸಿ: ಸುಮಾರು 1.73. ಅಂದರೆ ಏನೂ ಮಾಡದೆ ಮಿರರ್ ಮಾಡಿದರೂ ದೊಡ್ಡ ಮಾನಿಟರ್‌ನಲ್ಲಿ ಅಕ್ಷರ ಅಷ್ಟು ಪಟ್ಟು ದೊಡ್ಡದು. ಅದರ ಮೇಲೆ ಇನ್ನೊಂದೂವರೆ ಪಟ್ಟು ಸಿಕ್ಕಿದರೆ ಒಟ್ಟು 2.6. ನಿಮಗೆ ಬೇಕಾದ್ದೂ ಅಷ್ಟೇ.

ಆ ಒಂದೂವರೆ ಪಟ್ಟು ಹೀಗೆ ಬರುತ್ತದೆ. ದೊಡ್ಡ ಮಾನಿಟರ್‌ಗೆ 1280×720 ಮೋಡ್ ಕೊಡಿ. ಅದರ ಜಾಗ, ಅಂದರೆ ಪೊಸಿಷನ್, 0×0. ಲ್ಯಾಪ್‌ಟಾಪ್ ಪರದೆಯದ್ದೂ 0×0, ಮೋಡ್ 1920×1080, ಅದೇ ಪ್ರೈಮರಿ. ಈಗ ಎರಡೂ ಒಂದೇ ಡೆಸ್ಕ್‌ಟಾಪಿನ ಮೇಲೆ ಕೂತಿವೆ, ಆದರೆ ದೊಡ್ಡದಕ್ಕೆ ಒಂದು ಮೂಲೆ ಮಾತ್ರ ಕಾಣುತ್ತದೆ. ಕೊನೆಗೆ ದೊಡ್ಡದಕ್ಕೆ ಪ್ಯಾನಿಂಗ್ ಆಪ್ಷನ್ ಸೇರಿಸಿ, ಅಳತೆ 1920×1080. ಅಲ್ಲಿಗೆ ಆ ಚೌಕಟ್ಟು ಮೌಸ್ ಹಿಂದೆ ಓಡಾಡಲು ಶುರುಮಾಡುತ್ತದೆ. ಮಾನಿಟರ್‌ಗಳ ಹೆಸರು ನಿಮ್ಮ ಯಂತ್ರದಲ್ಲಿ ಏನಿದೆ ಅಂತ ತಿಳಿಯಲು ಮೊದಲು ಟರ್ಮಿನಲ್‌ನಲ್ಲಿ ಬರೀ xrandr ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಲ್ಯಾಪ್‌ಟಾಪಿನದ್ದು ಸಾಮಾನ್ಯವಾಗಿ ಇಡಿಪಿ ಅಂತ ಶುರುವಾಗುತ್ತದೆ, ಹೊರಗಿನದ್ದು ಎಚ್‌ಡಿಎಂಐ ಅಥವಾ ಡಿಪಿ.

ಇನ್ನೂ ಜಾಸ್ತಿ ಬೇಕಾದರೆ ಮೋಡ್ ಬದಲಿಸಬೇಡಿ. 1920×1080 ಹಾಗೇ ಬಿಟ್ಟು ಸ್ಕೇಲ್ ಆಪ್ಷನ್‌ಗೆ 0.5×0.5 ಕೊಡಿ, ಪ್ಯಾನಿಂಗ್ ಅದೇ. ಆಗ ಹಿಗ್ಗಿಸುವ ಕೆಲಸ ಮಾನಿಟರಿನದ್ದಲ್ಲ, ಗ್ರಾಫಿಕ್ಸ್ ಚಿಪ್‌ನದ್ದು. ಅಂಚು ಮಂಜಾಗಿ ಕಂಡರೆ ಫಿಲ್ಟರ್ ಆಪ್ಷನ್‌ಗೆ ನಿಯರೆಸ್ಟ್ ಅಂತ ಕೊಟ್ಟು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಆದರೆ ಗೀಟು ಗೀಟಾಗಿಯೇ ಉಳಿಯುತ್ತದೆ. ಕೆಲವರ ಕಣ್ಣಿಗೆ ಅದೇ ಹಿತ.

ದಪ್ಪಗಾಜು:

ಕೂತು ಮಾಡಿದೆ, ಬಂತು! 1280×720ರಲ್ಲೇ ಇದ್ದೇನೆ. ಅರ್ಧ ಸ್ಕೇಲ್‌ನಲ್ಲಿ ಅಕ್ಷರ ಭರ್ಜರಿ, ಆದರೆ ಒಂದು ಸಾಲು ಒಂದೇ ನೋಟಕ್ಕೆ ಹಿಡಿಯುವುದಿಲ್ಲ. ಒಂದೂವರೆಯಲ್ಲಿ ನನ್ನ ಪುಸ್ತಕದ ಪುಟದ ಸಾಲು ಅಂಚಿನಿಂದ ಅಂಚಿಗೆ ಸರಿಯಾಗಿ ಕೂರುತ್ತದೆ. ಕೆಳಗೆ ಇಳಿದರೆ ಸಾಕು, ಅಡ್ಡಕ್ಕೆ ಎಳೆಯುವ ಗೋಳು ತಪ್ಪಿತು.

ಎರಡು ವಿಷಯ ಕೇಳಬೇಕು. ಒಂದು, ಮೌಸ್ ಅಂಚಿಗೆ ತಾಗಿದ ಮೇಲೆಯೇ ಚಿತ್ರ ಸರಿಯುತ್ತದೆ. ಹಾಗಾಗಿ ಓದುವ ಸಾಲು ಯಾವಾಗಲೂ ಪರದೆಯ ತಳದಲ್ಲಿ. ಕತ್ತು ಬಗ್ಗಿಸಿ ಬಗ್ಗಿಸಿ ಸಾಕಾಯಿತು. ಎರಡು, ಟೈಪ್ ಮಾಡುವಾಗ ಕರ್ಸರ್ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಪರದೆ ಮಾತ್ರ ಮೌಸ್ ಇದ್ದಲ್ಲೇ ನಿಂತಿರುತ್ತದೆ.

ಹಳೇಎಕ್ಸ್:

ಮೊದಲನೆಯದಕ್ಕೆ ಮದ್ದು ಇದೆ. ಪ್ಯಾನಿಂಗ್ ಅಳತೆಗೆ +0+0 ಸೇರಿಸಿ, ಅದರ ಮುಂದೆ ಓರೆಗೆರೆ ಹಾಕಿ ಟ್ರ್ಯಾಕಿಂಗ್ ಜಾಗ (ಮೌಸನ್ನು ಗಮನಿಸುವ ಪ್ರದೇಶ) ಕೊಡಬಹುದು, ಅದೂ 1920×1080+0+0. ಅದರ ಮುಂದೆ ಮತ್ತೆ ಓರೆಗೆರೆ ಹಾಕುತ್ತಾ ನಾಲ್ಕು ಬಾರ್ಡರ್ ಸಂಖ್ಯೆ: ಎಡ, ಮೇಲೆ, ಬಲ, ಕೆಳಗೆ, ಇದೇ ಕ್ರಮ. ಎಡಬಲಕ್ಕೆ 300, ಮೇಲೆ ಕೆಳಗೆ 250 ಇಟ್ಟು ನೋಡಿ. ಅಂಚಿಗೆ ಅಷ್ಟು ಪಿಕ್ಸೆಲ್ ಇರುವಾಗಲೇ ಸರಿಯಲು ಶುರುವಾಗುತ್ತದೆ, ಓದುವ ಸಾಲು ಹೆಚ್ಚುಕಮ್ಮಿ ನಡುವೆಯೇ ನಿಲ್ಲುತ್ತದೆ.

ಎರಡನೆಯದಕ್ಕೆ ಇಲ್ಲಿ ದಾರಿ ಇಲ್ಲ. ಪ್ಯಾನಿಂಗ್‌ಗೆ ಗೊತ್ತಿರುವುದು ಮೌಸ್ ಒಂದೇ. ತಪ್ಪುಪಟ್ಟಿ ಬರೆಯುವ ಎಡಿಟರ್ ಕಿಟಕಿಯನ್ನು ಚಿಕ್ಕದು ಮಾಡಿ, ಮೌಸನ್ನು ಅದರ ಮಧ್ಯೆ ಬಿಟ್ಟು ಟೈಪ್ ಮಾಡಿ.

ಸಂಜೆಪಾಳಿ:

ಟೈಪಿಂಗೇ ಮುಖ್ಯವಾದವರು ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪಿನ ಮ್ಯಾಗ್ನಿಫೈಯರ್ ನೋಡಿ. ಸೂಪರ್, ಆಲ್ಟ್, 8 ಒಟ್ಟಿಗೆ ಒತ್ತಿದರೆ ಶುರು. ಅದು ಟೈಪ್ ಮಾಡುವ ಕರ್ಸರನ್ನೂ ಹಿಂಬಾಲಿಸುತ್ತದೆ. ಆದರೆ ಅದಕ್ಕೆ ಇಡೀ ಡೆಸ್ಕ್‌ಟಾಪ್ ಒಂದೇ. ಇದೊಂದು ಮಾನಿಟರ್‌ಗೆ ಮಾತ್ರ ಅಂತ ಹೇಳಲು ಬರುವುದಿಲ್ಲ.

ಇನ್ನೊಂದು ದಾರಿ ಎಫ್‌ಎಫ್‌ಪ್ಲೇ ಅನ್ನುವ ವಿಡಿಯೋ ಪ್ಲೇಯರ್. ಪರದೆಯನ್ನೇ ವಿಡಿಯೋ ಆಗಿ ಹಿಡಿಯುವ ಅದರ ಎಕ್ಸ್11ಗ್ರ್ಯಾಬ್ ಇನ್‌ಪುಟ್‌ನಲ್ಲಿ ಫಾಲೋ ಮೌಸ್ ಅನ್ನುವ ಆಪ್ಷನ್ ಇದೆ, ಅದಕ್ಕೆ ಸೆಂಟರ್ಡ್ ಅಂತ ಕೊಟ್ಟು ವಿಡಿಯೋ ಸೈಜ್ 960×540 ಮಾಡಿದರೆ ಮೌಸ್ ಸುತ್ತಲಿನ ತುಣುಕು ಒಂದು ಕಿಟಕಿಯಲ್ಲಿ ಓಡುತ್ತದೆ. ಅದನ್ನು ದೊಡ್ಡ ಮಾನಿಟರ್‌ನಲ್ಲಿ ಫುಲ್‌ಸ್ಕ್ರೀನ್ ಇಡಿ. ಸ್ವಲ್ಪ ತಡವಾಗಿ ಬರುತ್ತದೆ, ಪ್ರೊಸೆಸರಿಗೂ ಕೆಲಸ. ಮೌಸ್ ಅದೇ ಮಾನಿಟರ್‌ಗೆ ಜಾರಿದರೆ ಕನ್ನಡಿಯೊಳಗೆ ಕನ್ನಡಿ. ಎಕ್ಸ್‌ರ್ಯಾಂಡರ್ ಒಪ್ಪದ ಯಂತ್ರದಲ್ಲಿ ಮಾತ್ರ ಇದು.

ಎಕ್ಸ್‌ರ್ಯಾಂಡರ್, ಎಫ್‌ಎಫ್‌ಪ್ಲೇ ಎರಡೂ ದಾರಿ ವೇಲ್ಯಾಂಡ್‌ನಲ್ಲಿ (ಪರದೆಗೆ ಚಿತ್ರ ತಲುಪಿಸುವ ಹಳೇ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಬಂದಿರುವ ಹೊಸದು) ನಡೆಯುವುದಿಲ್ಲ ಅನ್ನುವುದು ನೆನಪಿರಲಿ. ಉಬುಂಟು 25.10ರಲ್ಲಿ ಗ್ನೋಮ್‌ನ ಎಕ್ಸ್ ಸೆಷನ್ನೇ ತೆಗೆದಿದ್ದಾರೆ. ಕೆಡಿಇಯವರ ಡೆಸ್ಕ್‌ಟಾಪ್ ಪ್ಲಾಸ್ಮಾ 6 ಕೂಡ ತಾನಾಗಿ ವೇಲ್ಯಾಂಡ್‌ನಲ್ಲೇ ಶುರುವಾಗುತ್ತದೆ. ಈ ಏರ್ಪಾಡು ಬೇಕಾದವರು ಡೆಸ್ಕ್‌ಟಾಪ್ ಬದಲಿಸುವ ಮುಂಚೆ ಯೋಚನೆ ಮಾಡಿ.

ದಪ್ಪಗಾಜು:

ಬಾರ್ಡರ್ ಹಾಕಿದೆ, ಕತ್ತು ಉಳಿಯಿತು. ಕಮಾಂಡನ್ನು ಒಂದು ಫೈಲಿಗೆ ಹಾಕಿ ಕೀಬೋರ್ಡ್ ಶಾರ್ಟ್‌ಕಟ್‌ಗೆ ಕಟ್ಟಿದ್ದೇನೆ. ಲಾಗಿನ್ ಆದ ತಕ್ಷಣ ತಾನೇ ಓಡುವ ಹಾಗೆ ಮಾಡಿಲ್ಲ, ಮಾನಿಟರ್ ಸಿಕ್ಕಿಸದ ದಿನಗಳೂ ಇರುತ್ತವೆ. ವಾಪಸ್ ಮಾಮೂಲಿಗೆ ಬರಲು ಏನು ಮಾಡಬೇಕು?

ಹಳೇಎಕ್ಸ್:

ಪ್ಯಾನಿಂಗ್ 0×0, ಸ್ಕೇಲ್ 1×1, ಮೋಡ್ ಆಟೋ. ಅದಕ್ಕೂ ಒಂದು ಶಾರ್ಟ್‌ಕಟ್ ಕೊಟ್ಟುಬಿಡಿ. ಕೇಬಲ್ ಕೀಳುವ ಮುಂಚೆ ಒತ್ತಿ.